ಹಗ್ಗ ಬಿಚ್ಚಿ ಕೊಡುವವರು

ತ್ಯಾಗಲಿ, ಸಿದ್ದಾಪುರ ತಾಲೂಕು
18 ಅಕ್ಟೋಬರ್ 2026, ರವಿವಾರ

ಪ್ರೀತಿಯ ಕಿರಣ,

ಹೇಗಿದ್ದೀಯ? ನಿಜವಾಗಿ ಕೇಳುತ್ತಿದ್ದೇನೆ, ಫೋನಿನಲ್ಲಿ ಅನ್ನುವ ಹಾಗೆ ‘ಆರಾಮ’ ಅಂದು ಮುಗಿಸಬೇಡ. ಗಂಟಲು ಸರಿಹೋಯಿತೇ? ಇಡೀ ದಿನ ಹಡಗಿನ ಹೊಟ್ಟೆಯಲ್ಲಿ ಕಾರುಗಳ ಹೊಗೆ ಕುಡಿದು, ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ನಿನ್ನ ದನಿ ಕೆಟ್ಟಿದೆ. ಅತ್ತೆ ಕಾಳುಮೆಣಸು, ಜೇನುತುಪ್ಪ ಕಟ್ಟಿಕೊಟ್ಟಿದ್ದಾರೆ, ತಿನ್ನು. ಅವುಗಳ ಜೊತೆ ಮಿಡಿ ಉಪ್ಪಿನಕಾಯಿಯ ಡಬ್ಬಿ ಇದೆ. ಅದನ್ನು ನಿಮ್ಮ ಹಡಗಿನ ಮಲಯಾಳಿ ಅಡುಗೆಭಟ್ಟರ ಕಣ್ಣಿಗೆ ಬೀಳದ ಹಾಗೆ ಇಡು, ಹೋದ ಸಲದ ಡಬ್ಬಿ ಒಂದೇ ವಾರದಲ್ಲಿ ಖಾಲಿಯಾದ ಕಥೆ ನನಗೆ ಗೊತ್ತು.

ನಾನು ಚೆನ್ನಾಗಿದ್ದೇನೆ. ತುಂಬ ಚೆನ್ನಾಗಿದ್ದೇನೆ. ಶಾಲೆಗೆ ದಸರಾ ರಜೆ, ಹಾಗಾಗಿ ಮಕ್ಕಳಿಗೆ ಪಾಠ ಹೇಳುವ ಬದಲು ಅತ್ತೆಯಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ನಿನ್ನೆ ತೊಡದೇವು ಮಾಡಲು ಹೋಗಿ, ಬಿಸಿ ಮಡಕೆಯ ಮೇಲೆ ಸಿಹಿ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಎಳೆಯುವ ಬದಲು ಗೋಡೆ ಬಳಿದ ಹಾಗೆ ಮಾಡಿದೆ. ‘ಇಂಗ್ಲಿಷ್ ಶಾಲೇಲಿ ಇದ್ನ ಕಲ್ಸಿಲ್ವನೆ ತಂಗಿ’ ಅಂದರು ಅತ್ತೆ. ಆದರೂ ಅದನ್ನು ಚಕ್ಕಳ ಸುಲಿದ ಹಾಗೆ ಸುಲಿದು, ತುಪ್ಪ ಸುರಿದುಕೊಂಡು ಇಬ್ಬರೂ ತಿಂದೆವು. ಈ ಕಾಗದ ಕನ್ನಡದಲ್ಲಿ ಬರೆಯುತ್ತಿರುವುದೂ ಅವರಿಗಾಗಿಯೇ. ಬರೆದಾದ ಮೇಲೆ ಓದಿ ಹೇಳಬೇಕಂತೆ. ಅವರ ಎದುರು ನಿನ್ನನ್ನು ‘ಅವರು’ ಅನ್ನುವ ನಾನು ಇಲ್ಲಿ ‘ನೀನು’ ಎಂದು ಬರೆದದ್ದನ್ನು ಓದುವಾಗ ಹೇಗೆ ತಿರುಗಿಸಬೇಕೋ ಗೊತ್ತಿಲ್ಲ. ಕೆಲವು ಸಾಲುಗಳನ್ನಂತೂ ನುಂಗಿಬಿಡುತ್ತೇನೆ. ಯಾವ ಸಾಲುಗಳೆಂದು ನೀನು ಊಹಿಸು.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಆ ರಾತ್ರಿಯ ಮಾತಿನ ನಂತರ ಫೋನಿನಲ್ಲಿ ನೀನು ‘ಹ್ಞೂಂ’, ‘ಸರಿ’, ‘ಊಟ ಆಯ್ತಾ’ ಅನ್ನುವುದರ ಆಚೆ ಹೋಗಿಲ್ಲ, ಅದಕ್ಕೆ. ಯಲ್ಲಾಪುರದ ಶಶಾಂಕ, ನಿಮ್ಮದೇ ಕಂಪನಿಗೆ ಎಲೆಕ್ಟ್ರಿಷಿಯನ್ ಆಗಿ ಸೇರುತ್ತಿರುವವನು, ಅಕ್ಕನ ಮನೆಗೆಂದು ಸಿದ್ದಾಪುರಕ್ಕೆ ಬಂದಿದ್ದಾನೆ. ಸಂಜೆ ಬೈಕಿನಲ್ಲಿ ಬಂದು ಗಂಟು ಒಯ್ಯುತ್ತಾನೆ. ನಾಳೆ ಗೋವಾದಿಂದ ಮಸ್ಕತ್ತಿಗೆ ಅವನ ವಿಮಾನ. ಹಾಗಾಗಿ ಇದು ಇಬ್ಬರ ನಡುವೆ ಸಿಗ್ನಲ್ ಕಡಿದುಹೋಗದ ಮಾತು. ನೀನು ನಡುವೆ ‘ಸರಿ’ ಅನ್ನಲಾರೆ.

ನೀನು ಹೇಳಿದ ಸುದ್ದಿ ನನಗೆ ಅರ್ಥವಾಗಲಿಲ್ಲ ಅಂತ ತಿಳಿಯಬೇಡ. ನಿಮ್ಮ ಹಡಗು ಹಳೆಯದಾಯಿತು, ಕೊಚ್ಚಿಯ ಕಡೆಯವರು ಕೊಂಡಿದ್ದಾರೆ, ಅದನ್ನು ಅಲ್ಲಿಗೆ ಮುಟ್ಟಿಸಲು ನಾಲ್ಕಾರು ಜನ ಸಾಕು, ಆ ನಾಲ್ಕಾರು ಜನರಲ್ಲಿ ನೀನಿರಬೇಕು ಎಂದು ಕ್ಯಾಪ್ಟನ್ ಕೇಳಿದ್ದಾರೆ, ಆದರೆ ಹೊರಡುವುದು ದೀಪಾವಳಿಯ ವಾರ. ಹಡಗಿನೊಳಗೆ ಕಾರು ನಿಲ್ಲಿಸುವ ಅಂಕಣ ತೊಳೆಯುವ ಕೆಲಸಕ್ಕೆ ಸೇರಿ, ಈಗ ಆ ಅಂಕಣಕ್ಕೇ ಯಜಮಾನನಾಗಿರುವವನು ನೀನು. ಹಡಗಿನ ಉದ್ದದ ಅರಬ್ಬಿ ಹೆಸರು ಬಿಟ್ಟು ನೀನೊಬ್ಬನೇ ‘ಬೆಳ್ಳಿ’ ಅಂತ ಕರೆಯುತ್ತೀಯ, ಅಲ್ಯೂಮಿನಿಯಂ ಮೈಯ ಹೊಳಪಿಗೆ. ಮದುವೆಯಾದ ಹೊಸತರಲ್ಲಿ ನೀನು ನಿದ್ದೆಗಣ್ಣಲ್ಲಿ ‘ಬೆಳ್ಳಿಗೆ ಎಡಗಡೆ ಭಾರ ಆಯ್ತು’ ಎಂದು ಗೊಣಗಿದ್ದೆ, ನಾನು ಕೊಟ್ಟಿಗೆಯ ದನ ಅಂದುಕೊಂಡು ಅತ್ತೆಯನ್ನು ಎಬ್ಬಿಸಲು ಹೊರಟಿದ್ದೆ. ಇಷ್ಟೆಲ್ಲ ಗೊತ್ತಿದ್ದೂ, ಮದುವೆಯ ನಂತರದ ಮೊದಲ ದೊಡ್ಡಹಬ್ಬಕ್ಕೆ, ಈ ದೀಪಾವಳಿಗೆ, ನೀನು ನನ್ನ ತವರು ಮಂಚಿಕೇರಿಗೆ ಬರುವುದಿಲ್ಲವೇನೋ ಅಂದಾಗ ನಾನು ‘ಹಾಗಾದರೆ ಅದಕ್ಕೇ ತಾಳಿ ಕಟ್ಟಬೇಕಿತ್ತು’ ಅಂದುಬಿಟ್ಟೆ. ನೀನು ಬೆಳಿಗ್ಗೆಯೇ ‘ಆಗುವುದಿಲ್ಲ ಅಂತ ಕ್ಯಾಪ್ಟನ್‌ಗೆ ಹೇಳಿದೆ, ಹಬ್ಬಕ್ಕೆ ಬರುತ್ತೇನೆ’ ಎಂದು ಬರೆದು ಕಳಿಸಿದೆ. ನಾನು ಗೆದ್ದೆ ಅಂತ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಸಂಜೆಯ ಹೊತ್ತಿಗೆ ಆ ಗೆಲುವು ಯಾಕೋ ರುಚಿಸಲಿಲ್ಲ.

ಶುಕ್ರವಾರ ಅಪ್ಪ ಬಂದರು. ಪಿಕಪ್‌ನಲ್ಲಿ ತಂದ ಶುಂಠಿಯನ್ನು ಸಿದ್ದಾಪುರದಲ್ಲಿ ಇಳಿಸಿ, ಅದೇ ಗಾಡಿಯಲ್ಲಿ ಹೊಸ ಪಂಚೆ ಉಟ್ಟುಕೊಂಡು, ಹೊಸ ಅಳಿಯನನ್ನು ಹಬ್ಬಕ್ಕೆ ಕರೆಯಲು. ಈ ಕರೆಯುವುದನ್ನು ಅಪ್ಪ ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಅಂದರೆ, ಅಳಿಯನ ಕೈಗೇ ಎಲೆ ಅಡಕೆ ಕೊಟ್ಟು ಕರೆಯಬೇಕು, ಇಲ್ಲದಿದ್ದರೆ ಕರೆದ ಹಾಗಲ್ಲ. ಅಳಿಯ ಸಮುದ್ರದ ಆಚೆ ಇದ್ದಾನಲ್ಲ? ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋದ ಎದುರು ತಟ್ಟೆ ಇಡಲು ಹೊರಟರು. ಅತ್ತೆ ಒಳಗಿನಿಂದ ಓಡಿ ಬಂದು, ‘ಬೀಗ್ರೆ, ಫೋಟಕ್ಕೆ ಎಡೆ ಇಡೂದು ಯಾರಿಗೆ ಅಂತ ಗೊತ್ತುಂಟಲ್ಲ? ನನ್ನ ಮಗ ಗಟ್ಟಿಮುಟ್ಟಾಗೇ ಇದಾನೆ, ಎತ್ರಿ ಅದ್ನ’ ಅಂದರು. ಅಪ್ಪ ‘ತಪ್ಪಾತು ಬೀಗ್ತಿ’ ಅಂದು ತಟ್ಟೆ ಹಿಡಿದುಕೊಂಡು ನಿಂತುಬಿಟ್ಟರು. ಆಗ ನಾನು ನಿನಗೆ ವಿಡಿಯೋ ಕರೆ ಹಚ್ಚಿದೆ. ತಪ್ಪು ಹೊತ್ತಿಗೆ ಹಚ್ಚಿದೆ, ಹಡಗು ಆಗಷ್ಟೇ ಬಂದರಿಗೆ ಹಿಮ್ಮುಖವಾಗಿ ಬಂದು ತಾಗಿ, ಗಾಡಿ ಇಳಿಯುವ ಬಾಗಿಲು ಇಳಿಸುತ್ತಿತ್ತು. ನೀನು ‘ಒಂದ್ನಿಮಿಷ ಮಾವ, ಇಲ್ಲೇ ಇರಿ’ ಅಂದು ಫೋನನ್ನು ಎಲ್ಲೋ ಒಂದು ಪೈಪಿನ ಸಂದಿಗೆ ಸಿಕ್ಕಿಸಿ ಓಡಿಹೋದೆ. ಆಮೇಲೆ ಅದನ್ನು ಮರೆತೇಬಿಟ್ಟೆ. ನಾವು ಮೂವರೂ ಜಗುಲಿಯಲ್ಲಿ ತಟ್ಟೆ ಹಿಡಿದುಕೊಂಡು ನೋಡುತ್ತಲೇ ಇದ್ದೆವು.

ಎಷ್ಟು ಸಲ ಹೇಳಿದ್ದೆ ನೀನು, ಆದರೆ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಎಲ್ಲರ ತಲೆಯಲ್ಲೂ ಇರುವುದು ಹೊಳೆಬಾಗಿಲಿನ ಲಾಂಚು, ಸಿಗಂದೂರಿಗೆ ಹೋಗುವಾಗ ಬಸ್ಸನ್ನೂ ಜನರನ್ನೂ ಹೊತ್ತು ಮೆಲ್ಲಗೆ ತೇಲುತ್ತಿದ್ದದ್ದು. ಇದು ಬೇರೆಯೇ ಪ್ರಾಣಿ. ಅಕ್ಕಪಕ್ಕ ಎರಡು ಒಡಲು, ನೀರು ಕುಡಿದು ಹಿಂದಕ್ಕೆ ಚಿಮ್ಮಿಸಿ ಓಡುವ ಎಂಜಿನ್ನು, ಒಳಗೆ ನಮ್ಮ ಸಿರ್ಸಿ ಬಸ್‌ಸ್ಟ್ಯಾಂಡಿನಷ್ಟು ಅಗಲದ ಅಂಕಣ. ಕಾರುಗಳು ದೀಪ ಹಾಕಿಕೊಂಡು ಸಾಲಾಗಿ ಇಳಿದವು. ಅವು ಇಳಿದು ಮುಗಿಯುವ ಮೊದಲೇ ನೀನು ಇನ್ನೊಂದು ಸಾಲಿಗೆ ಕೈ ಮಾಡುತ್ತಿದ್ದೆ. ತರಕಾರಿ ಲಾರಿ, ಹಿಂದೆ ಕುರಿ ತುಂಬಿದ ಗಾಡಿ, ಒಂದು ಆಂಬುಲೆನ್ಸ್. ಆಂಬುಲೆನ್ಸನ್ನು ಬಾಗಿಲ ಹತ್ತಿರವೇ ನಿಲ್ಲಿಸಿದೆ, ಮೊದಲು ಇಳಿಯಲಿ ಅಂತ ಇರಬೇಕು. ಯಾರೋ ಒಬ್ಬ ದೊಡ್ಡ ಮನುಷ್ಯ ಕಿಟಕಿಯಿಂದ ತಲೆ ಹೊರಹಾಕಿ ಜಗಳಕ್ಕೆ ಬಂದ, ನೀನು ಎದೆಗೆ ಕೈ ಇಟ್ಟು ಏನೋ ಅಂದೆ, ಅವನು ನಕ್ಕು ಗಾಡಿ ಹಿಂದೆ ತೆಗೆದ. ಏನಂದೆ ಅವನಿಗೆ? ಅದನ್ನೇ ನನಗೂ ಒಂದು ದಿನ ಹೇಳು. ಚಕ್ರಗಳಿಗೆ ಪಟ್ಟಿ ಬಿಗಿಯುತ್ತ ಬಗ್ಗಿ ಬಗ್ಗಿ ಓಡಾಡುವ ನಿನ್ನ ಬೆನ್ನು ಕಂಡು ಅಪ್ಪ ‘ಆಡಿ ಬೆಳ್ದ ಹುಡ್ಗ ಹಿಂಗೆ ದುಡೀತ್ನಾ’ ಅಂದರು. ಪಿಕಪ್ಪಿನಲ್ಲಿ ಲೋಡು ಕಟ್ಟುವ ಅವರಿಗೆ ಅದು ದೊಡ್ಡ ಮೆಚ್ಚುಗೆಯ ಮಾತು.

ಕೊನೆಗೆ ಬಾಗಿಲು ಮೇಲೇಳುವ ಮುಂಚೆ ನೀನು ಒಂದು ಕೆಲಸ ಮಾಡಿದೆ. ಹಡಗಿನ ಗೋಡೆಯ ಹತ್ತಿರ ಬಂದು, ಕೈಗವಸು ತೆಗೆದು, ಅಂಗೈಯಿಂದ ಆ ಲೋಹದ ಮೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದೆ. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ. ಆಮೇಲೆ ಫೋನಿನ ನೆನಪಾಗಿ ಗಾಬರಿಯಿಂದ ಬಂದು ಎತ್ತಿಕೊಂಡೆ, ‘ಮಾವ, ಹಬ್ಬಕ್ಕೆ ಬಂದೇ ಬರ್ತೆ’ ಅಂದೆ, ಚಿತ್ರ ಕಡಿದುಹೋಯಿತು.

ಅಪ್ಪನಿಗೆ ಖುಷಿಯಾಗಬೇಕಿತ್ತು. ತಟ್ಟೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತೇ ಇದ್ದರು. ಅತ್ತೆಯೇ ಮೊದಲು ಮಾತಾಡಿದ್ದು. ‘ಹೆಂಗೆ ತಟ್ದ ನೋಡಿದ್ಯನೆ? ಅವ್ನ ಅಪ್ಪ ಎತ್ತಿನ ಬೆನ್ನು ತಟ್ತಿದ್ದದ್ದೂ ಹಂಗೇಯ.’ ಆಮೇಲೆ ನೀನು ನನಗೆ ಒಮ್ಮೆಯೂ ಹೇಳದ ಒಂದು ಸಂಗತಿ ಹೇಳಿದರು. ನೀನು ಸಣ್ಣವನಿದ್ದಾಗ, ನಾನು ಕಾಣುವ ಮೊದಲೇ ತೀರಿಹೋದ ಮಾವ ಎತ್ತು ಮಾರಿದರೆ, ಕೊಂಡವರ ಅಂಗಳದ ತನಕ ತಾವೇ ಹೊಡೆದುಕೊಂಡು ಹೋಗುತ್ತಿದ್ದರಂತೆ. ಅಲ್ಲಿ ಅವರ ಹಗ್ಗ ಕಟ್ಟಿಸಿ, ತಮ್ಮ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎತ್ತು ಹುಲ್ಲಿಗೆ ಬಾಯಿ ಹಾಕುವವರೆಗೆ ನಿಂತು ವಾಪಸು ಬರುತ್ತಿದ್ದರು. ಎತ್ತು ಕೊಟ್ಟರೂ ಹಗ್ಗ ಕೊಡಬಾರದು, ಅದನ್ನು ಬಿಚ್ಚುವ ಕೈಯೂ ದುಡಿಸಿದವನದೇ ಆಗಿರಬೇಕು ಅನ್ನುವುದು ಅವರ ನೇಮವಂತೆ. ಕಡೆಯ ಎತ್ತಿನ ಹೊತ್ತಿಗೆ ಮಾತ್ರ ನಿಮ್ಮ ಚಿಕ್ಕಪ್ಪನ ಮನೆಯ ಮದುವೆ ಅಡ್ಡ ಬಂತು, ದಲ್ಲಾಳಿಯ ಕೈಗೆ ಹಗ್ಗ ಸಮೇತ ಕೊಟ್ಟು ಮದುವೆಗೆ ಹೋದರು. ‘ಮದ್ವೇಲಿ ಎಲ್ಲಾರೂ ಉಂಡ್ರು, ಅವ್ರು ಎಲೆ ಮುಂದೆ ಕೂತು ಹಂಗೇ ಎದ್ರು. ಆಮೇಲೆ ಎಷ್ಟೋ ವರ್ಷ ದೊಡ್ಡಬ್ಬದ ಗೋಪೂಜೆಗೂ ಕೊಟ್ಟಿಗೆ ಬದಿಗೇ ಬರ್ತಿರ್ಲಿಲ್ಲ. ಯಾರ್ಯಾರು ಎಷ್ಟು ಕರೆದ್ರೂ.’ ಇಷ್ಟು ಹೇಳಿ ಅತ್ತೆ ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ‘ಚಾ ಇಡ್ತೆ’ ಅಂದು ಎದ್ದು ಹೋದರು.

ಅಪ್ಪ ಚಾ ಕುಡಿದರು. ಎಲೆ ಅಡಕೆಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡರು. ‘ಕರೆದ ಹಾಗಾತಾ ಅಪ್ಪ?’ ಅಂತ ಕೇಳಿದರೆ ‘ನೋಡ್ವ’ ಅಂದು ಗಾಡಿ ಹತ್ತಿದರು. ಅವರಿಗೆ ಬೇಸರವೋ ಏನೋ, ನಿನ್ನೆಯಿಂದ ಫೋನೂ ಇಲ್ಲ. ಅಲ್ಲಿ ಅಮ್ಮ ಹೊಸ ಅಳಿಯನಿಗೆಂದು ಹಾಸಿಗೆಯ ಗವಸು ಸಹ ಹೊಲಿಸಿದ್ದಾಳೆ, ಕೇರಿಯವರೆಲ್ಲ ಒಂದೊಂದು ಹೊತ್ತಿನ ಊಟ ಹಂಚಿಕೊಂಡಿದ್ದಾರೆ. ಇದನ್ನೆಲ್ಲ ಬರೆದದ್ದು ನಿನ್ನನ್ನು ಆ ಕಡೆಗೋ ಈ ಕಡೆಗೋ ಎಳೆಯಲು ಅಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು ಅನ್ನಿಸಿತು. ನಿನಗೆ ಹಬ್ಬಕ್ಕೆ ಬರುವ ಮನಸ್ಸು ನಿಜವಾಗಿಯೂ ಇದೆ ಎಂದು ನನಗೆ ಗೊತ್ತು. ಅದು ಇದೆ ಅನ್ನುವುದೇ ನನ್ನ ಕಷ್ಟ. ನೀನು ಬಂದು, ಹೊಸ ಬಟ್ಟೆ ಉಟ್ಟು, ನಮ್ಮ ಅಮ್ಮ ಬಡಿಸಿದ ಎಲೆಯ ಮುಂದೆ ನಗುನಗುತ್ತ ಕೂತು ಏಳುವುದನ್ನು ನಾನು ಹೇಗೆ ನೋಡಲಿ?

ಬಿಸಿಲಿಗೆ ಟೊಪ್ಪಿ ಹಾಕು. ರಾತ್ರಿ ಮೊಸರು ಬೇಡ. ನಿನ್ನ ಕ್ಯಾಪ್ಟನ್ ಸಾಹೇಬರಿಗೂ, ಉಪ್ಪಿನಕಾಯಿ ಕದಿಯುವ ಆ ಅಡುಗೆಭಟ್ಟರಿಗೂ ನನ್ನ ನಮಸ್ಕಾರ. ಅತ್ತೆಯ ಆಶೀರ್ವಾದ ಕಾಳುಮೆಣಸಿನ ಪೊಟ್ಟಣದೊಳಗೇ ಇದೆಯಂತೆ, ಬೇರೆ ಬರೆಯಬೇಡ ಅಂದರು.

ನಿನ್ನವಳು, ಓದಿ ಹೇಳುವಾಗ ನುಂಗಿದ ಸಾಲುಗಳ ಸಮೇತ,
ತನುಜಾ

ಮರೆತ ಮಾತು: ಶಶಾಂಕ ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಓರೆಯಾದರೆ ಕ್ಷಮಿಸು. ಈಗಷ್ಟೇ ಅಪ್ಪನ ಫೋನು ಬಂತು. ನಿನ್ನೆಯಿಂದ ಮಾತಾಡದೆ ಇದ್ದದ್ದು ಸಿಟ್ಟಿಗಲ್ಲ, ಕುಮಟಾಕ್ಕೆ ಹೋಗಿ ಕೊಚ್ಚಿಯ ರೈಲಿಗೆ ಟಿಕೆಟ್ ಮಾಡಿಸಿ ಬಂದಿದ್ದಾರೆ. ಅಪ್ಪ, ಅಮ್ಮ, ಅತ್ತೆ, ನಾನು. ಅಳಿಯನ ಕೈಗೆ ಎಲೆ ಅಡಕೆ ಕೊಡುವುದು ಬಂದರಿನಲ್ಲೇ ಅಂತೆ, ಊರಿನ ಊಟ ಆಮೇಲೆ, ತುಳಸಿ ಹಬ್ಬದ ಹೊತ್ತಿಗೆ. ಕಾಗದ ಮುಟ್ಟಿದ ಕೂಡಲೇ ಕ್ಯಾಪ್ಟನ್ ಹತ್ತಿರ ಹೋಗಿ ‘ಬರುತ್ತೇನೆ’ ಅನ್ನು. ಬೇರೆ ಯಾರಿಗಾದರೂ ಆ ಜಾಗ ಕೊಟ್ಟಿದ್ದರೆ ಜಗಳ ಆಡಿಯಾದರೂ ತಗೋ, ನಿನ್ನ ಹೆಂಡತಿ ಹೇಳಿದಳು ಅನ್ನು. ನಮ್ಮ ನಾಲ್ವರಿಗೂ ಬಂದರಿನೊಳಗೆ ಬಿಡುವ ಚೀಟಿ ಕೇಳುವುದು ಮರೆಯಬೇಡ. ದೊಡ್ಡಹಬ್ಬಕ್ಕೆ ದುಡಿದ ಜೀವದ ಕೊರಳಿಗೆ ಸರ ಕಟ್ಟದೆ ಬಿಡುವುದಿಲ್ಲ ಅಂತ ಅತ್ತೆ ಈಗಲೇ ಅಡಕೆ, ಕೊಬ್ಬರಿ ಪೋಣಿಸಲು ಕೂತಿದ್ದಾರೆ. ನಿನ್ನ ಬೆಳ್ಳಿಗೆ ಕೊರಳು ಎಲ್ಲಿದೆ, ಎಷ್ಟು ಮಾರು ಬೇಕು, ಬೇಗ ಹೇಳಬೇಕಂತೆ.