ತೂಕ ತಪ್ಪಿದ ಮೇಲೆ ಹಾಕಿದ ಕೊಸರು

ದೋಸ್ತ ಇರ್ಫಾನ,

ಒಂದೇ ಊರಿನಲ್ಲಿದ್ದುಕೊಂಡು, ಜೋರಾಗಿ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದುಕೊಂಡು, ಇವನಿಗೆ ಪತ್ರ ಬರೆಯುವಂಥ ಧಾಡಿ ಏನು ಬಂತು ಅಂತ ನೀನು ನಗಬಹುದು. ಈಗಲೇ ನಕ್ಕುಬಿಡು; ಎರಡನೆಯ ಹಾಳೆಗೆ ಬಂದ ಮೇಲೆ ನಗು ಬರಲಿಕ್ಕಿಲ್ಲ. ಈ ವಾರದಲ್ಲಿ ಮೂರು ಸಲ ನಿಮ್ಮ ಎಲೆತೋಟದ ತನಕ ಬಂದಿದ್ದೆ. ಮೂರೂ ಸಲ ವೀಳ್ಯದೆಲೆಯ ದರ ಕೇಳಿ, ನಿಮ್ಮ ಅಬ್ಬಾನ ಕಾಲು ಹೇಗಿದೆ ಅಂತ ಕೇಳಿ, ಹಲ್ಲು ಕಿಸಿದು ವಾಪಸ್ಸು ಹೋದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಬೇಡದ ಮಾತಾದರೆ ಅರಳು ಹುರಿದಂತೆ ಸಿಡಿಯುತ್ತದೆ, ಬೇಕಾದ ಮಾತಿಗೆ ಮಾತ್ರ ಬೀಗ ಬೀಳುತ್ತದೆ. ಅದಕ್ಕೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಡಲೆಹಿಟ್ಟಿನ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಪಿಕೆಟ್ ಸುದ್ದಿಯಿಂದಲೇ ಶುರು ಮಾಡುತ್ತೇನೆ. ಹೋದ ಶನಿವಾರ ನೀನು ನಮ್ಮ ಖಾರದ ಅಂಗಡಿಗೆ ಬಂದಾಗ ನನ್ನ ಮೊಬೈಲಿನಲ್ಲಿ ಆ ಪ್ರಕಟಣೆ ನೋಡಿದೆ. ‘ಸ್ಟೋನ್ ಪಿಕೆಟ್’ ಆಟದ ಕಂಪನಿಯವರು, ನಮ್ಮ ಆಟ ನಿಮಗೆ ನಿರಾಸೆ ಮಾಡಿತು ಎಂದು ಒಪ್ಪಿಕೊಂಡು, ನಾಲ್ಕು ಹೊಸ ರಣರಂಗ, ಆರು ಹೊಸ ಬಂದೂಕು, ಇಡೀ ಒಂದು ಹೊಸ ಅಧ್ಯಾಯ, ಎಲ್ಲವನ್ನೂ ಹಳೆಯ ಆಟಗಾರರಿಗೆ ಪುಕ್ಕಟೆ ಕೊಡುತ್ತಾರಂತೆ. ನೀನು ಆ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದೆ. ಆಮೇಲೆ ಮೊಬೈಲು ನನ್ನ ಕೈಗೆ ಕೊಟ್ಟು, "ಭಾಳ ಚಂದ ಮಾಡ್ಯಾರಲೇ. ನನ್ನ ಅಕೌಂಟ್ ಅಂತೂ ಬಂದ್ ಆಗೇತಿ. ನೀ ಆಡು, ನಾ ಬಾಜೂಕ ಕುಂತ ನೋಡ್ತೇನಿ" ಅಂದೆ. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಜಿಲ್ಲೆಗೇ ಮೊದಲನೆಯ ಸ್ಥಾನದಲ್ಲಿದ್ದವನು ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಾನಂತೆ! ಆ ಹೊತ್ತಿಗೆ ಬಂದ ಗಿರಾಕಿಗೆ ಅರ್ಧ ಕಿಲೋ ಶೇವು ತೂಗುವ ಬದಲು ಒಂದು ಕಿಲೋ ತೂಗಿಬಿಟ್ಟೆ.

ಸುತ್ತಲಿನ ನಾಲ್ಕು ತಾಲ್ಲೂಕಿನ ಆಟಗಾರರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬಂದಾಗಿನಿಂದ ಅದೇ ಗದ್ದಲ. ಮಾಸೂರಿನ ಪ್ರಭು, "ಪುಕ್ಸಟ್ಟೆ ಸಿಕ್ಕರ ನನಗೊಂದಿರಲಿ, ನಮ್ಮಪ್ಪಗೊಂದಿರಲಿ" ಎಂದು ಬರೆದು ಎಲ್ಲರಿಗಿಂತ ಮೊದಲು ಡೌನ್‌ಲೋಡ್‌ಗೆ ಹಚ್ಚಿದ. ಶಿಗ್ಗಾವಿಯವನೊಬ್ಬ, "ಲಗ್ನದ ದಿನ ಉಪಾಸ ಕಳಿಸಿದವರು ಈಗ ಮನಿಗೆ ಕರದು ಹೋಳಿಗಿ ಹಾಕ್ತಾರಂತ, ನಾ ಒಲ್ಲೆ" ಅಂದ. ನಮ್ಮ ಮೂವರ ತಂಡದ ಮೂರನೆಯವಳು, ಹಾನಗಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುವ ವೇದಾಕ್ಕ, ನನಗೆ ಒಂದು ಧ್ವನಿ ಸಂದೇಶ ಕಳಿಸಿದ್ದಳು: "ಬ್ಯಾಡ ಅನ್ನಲಿಕ್ಕೂ ಮನಸ್ಸಿಲ್ಲ, ಬೇಕು ಅನ್ನಲಿಕ್ಕೂ ಮನಸ್ಸಿಲ್ಲ ನೋಡೋ. ಇದನ್ನ ಮೊದಲ ಕೊಟ್ಟಿದ್ರ ನಾವು ಮೂರೂ ಮಂದಿ ಇವತ್ತಿಗೂ ಕೂಡಿ ಆಡ್ತಿದ್ವಿ." ಎಲ್ಲರಿಗಿಂತ ಉದ್ದ ಬರೆದವನು ನಾನು. ಮಾಡಿದ ತಪ್ಪು ಯಾವುದೆಂದು ಬಾಯಿಬಿಟ್ಟು ಹೇಳದೆ ಬರೀ ಉಡುಗೊರೆ ಕೊಟ್ಟು ಮೂಗಿಗೆ ತುಪ್ಪ ಸವರುತ್ತಾರೆ ಎಂದು ಕಂಪನಿಯ ಜನ್ಮ ಜಾಲಾಡಿದೆ. ಎಷ್ಟೋ ಜನ ಭೇಷ್ ಎಂದು ಹೆಬ್ಬೆರಳು ಒತ್ತಿದರು. ನೀನೂ ಒತ್ತಿದ್ದೆ. ನಿನ್ನ ಹೆಬ್ಬೆರಳು ನೋಡಿ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಆ ಆಟಕ್ಕಾಗಿ ನಾವು ಎಷ್ಟು ಕಾದಿದ್ದೆವು, ಮಾರಾಯ! ಬಿಡುಗಡೆಗೆ ಮುಂಚೆ ನೀನು ನನ್ನನ್ನೂ ವೇದಾಕ್ಕನನ್ನೂ ಬಂಕಾಪುರದ ಕೋಟೆಗೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಬಾಗಿಲು ಕಾಯುವುದು ಹೇಗೆ, ಒಬ್ಬ ಮುಂದೆ ಹೋದಾಗ ಉಳಿದಿಬ್ಬರು ಎಲ್ಲಿ ನಿಲ್ಲಬೇಕು ಅಂತ ಕೈಯಲ್ಲಿ ಕೋಲು ಹಿಡಿದು ಕಲಿಸಿದೆ. ನವಿಲುಗಳು ಬೊಬ್ಬೆ ಹಾಕಿದವು. ಕಾವಲಿನವರು ಓಡಿ ಬಂದು, "ವಯಸ್ಸಿಗೆ ಬಂದವರು, ನಾಚಿಕಿ ಬರಂಗಿಲ್ಲೇನ್ರಿ? ಟೀಚರ್ ಆಗಿ ನೀವರ ಹೇಳಬಾರದೇನ್ರಿ?" ಎಂದು ವೇದಾಕ್ಕನಿಗೇ ಬೈದರು. ಹೆಡ್‌ಫೋನಿನಲ್ಲಿ ಆಡುವ ಮಾತು ಕೂಡ ನಮ್ಮವೇ. ಬಾಂಬು ಎಸೆಯುವುದಕ್ಕೆ ‘ಒಗ್ಗರಣಿ ಹಾಕು’, ಅಡಗಿಕೊಳ್ಳುವುದಕ್ಕೆ ‘ಎಲಿ ಕಟ್ಟು’. ಎದುರಿನವರಿಗೆ ಕನ್ನಡ ಬಂದರೂ ತಿಳಿಯುತ್ತಿರಲಿಲ್ಲ.

ಬಂದ ಆಟ ಮಾತ್ರ ಹಳಸಿದ ಅನ್ನ. ಹನ್ನೆರಡು ರಣರಂಗ ಅಂದವರು ಮೂರು ಕೊಟ್ಟರು. ಗುಂಡು ತಾಗಿದರೂ ಎದುರಿನವನು ಬೀಳುತ್ತಿರಲಿಲ್ಲ, ತಾಗದಿದ್ದರೂ ನಾವು ಬೀಳುತ್ತಿದ್ದೆವು. ನಾವು ಎಷ್ಟು ದೂರು ಕಳಿಸಿದೆವು! ಒಂದಕ್ಕೂ ಉತ್ತರವಿಲ್ಲ. ಆದರೂ ನೀನು ಆ ಕೆಟ್ಟ ಆಟದಲ್ಲೂ ಮೇಲಕ್ಕೆ ಹೋದೆ. ಹುಬ್ಬಳ್ಳಿಯ ತಂಡವೊಂದು ನಮ್ಮ ಆಟಗಳನ್ನು ನೋಡುತ್ತಿತ್ತು, ನಿನ್ನನ್ನು ಪರೀಕ್ಷೆಗೆ ಕರೆಯಿತು. ನಿನ್ನೊಬ್ಬನನ್ನೇ ಕರೆಯಿತು. ನಾನು ನಿನಗೆ ಪೇಡೆ ತಿನ್ನಿಸಿದೆ, ಊರೆಲ್ಲ ಹೇಳಿಕೊಂಡು ತಿರುಗಿದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ.

ಈಗ ಹೋದ ವರ್ಷದ ಆ ಭಾನುವಾರಕ್ಕೆ ಬರುತ್ತೇನೆ. ಬೆಳಗಿನ ಹನ್ನೊಂದು ಗಂಟೆಯ ಆಟ, ಗೆದ್ದರೆ ನಾವು ಮೂವರೂ ಮುಂದಿನ ಹಂತಕ್ಕೆ ಹೋಗುತ್ತಿದ್ದೆವು. ಹುಬ್ಬಳ್ಳಿಯವರೂ ನೋಡುತ್ತಿದ್ದರು, ಇವತ್ತಾದರೂ ನನ್ನ ಕಡೆ ಕಣ್ಣು ಹಾಕಲಿ ಎಂದು ನಾನು ಕೈಕಾಲು ಬಡಿದುಕೊಂಡು ಆಡುತ್ತಿದ್ದೆ. ಉತ್ತರದ ಬಾಗಿಲು ನಿನ್ನದು. ಇದ್ದಕ್ಕಿದ್ದಂತೆ ನೀನು "ತಡಿ, ಬಂದೆ" ಅಂದೆ. ಅಷ್ಟೇ. ನಿನ್ನ ಸೈನಿಕ ಗೂಟ ಬಡಿದಂತೆ ಅಲ್ಲೇ ನಿಂತ. ನಾನು ಕೂಗಿದೆ, ವೇದಾಕ್ಕ ಕೂಗಿದಳು. ಎದುರಾಳಿಗಳು ನಿನ್ನ ಪಕ್ಕದಿಂದಲೇ ನಡೆದು ಒಳಗೆ ಬಂದರು. ಸೋತೆವು.

ಸೋತು ಐದು ನಿಮಿಷ ಆಗಿತ್ತೋ ಇಲ್ಲವೋ, ನಾನು ನಿನ್ನ ಹೆಸರಿನ ಮೇಲೆ ಒತ್ತಿ ಕಂಪನಿಗೆ ದೂರು ಬರೆದೆ, ಇರ್ಫಾನ. ಬರೆದವನು ನಾನು. ಬರೀ ಆಟ ಬಿಟ್ಟು ಹೋದ ಅಂತ ಬರೆದಿದ್ದರೆ ಒಂದು ವಾರದ ಶಿಕ್ಷೆಯಲ್ಲಿ ಮುಗಿಯುತ್ತಿತ್ತು. ನಾನು ಬರೆದದ್ದು, ಇವನು ದುಡ್ಡು ತೆಗೆದುಕೊಂಡು ಎದುರಾಳಿಗೆ ಆಟ ಮಾರುತ್ತಾನೆ, ಮೊದಲೂ ಎರಡು ಸಲ ಮಾರಿದ್ದಾನೆ ಅಂತ. ಅದು ಹಸಿ ಸುಳ್ಳು. ತಂಡದ ಮುಖಂಡನ ಜಾಗದಲ್ಲಿ ನನ್ನ ಹೆಸರಿತ್ತು, ಮುಖಂಡನ ಮಾತಿಗೆ ತೂಕ ಹೆಚ್ಚು. ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟೆ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರೀ ಸಿಟ್ಟಾಗಿದ್ದರೆ ಸುಳ್ಳು ಅಷ್ಟು ಸರಾಗ ಬರುತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅಂಗಡಿಗೆ ಸುದ್ದಿ ಬಂತು. ಎಲೆ ಕೀಳುತ್ತಿದ್ದ ನಿಮ್ಮ ಅಬ್ಬಾ ಖಾದರಸಾಬ ಚಾಚಾ ನಿಚ್ಚಣಿಕೆಯಿಂದ ಬಿದ್ದಿದ್ದಾರೆ, ತೊಡೆಯ ಎಲುಬು ಮುರಿದಿದೆ, ತಂಗಿ ಸುಹಾನಾ ಚೀರಿದ್ದು ಕೇಳಿ ಇರ್ಫಾನ ಬರಿಗಾಲಲ್ಲಿ ಓಡಿದ ಅಂತ. ನಾನು ಆಸ್ಪತ್ರೆಗೆ ಬಂದೆ. ನೀನು ಬೆಂಚಿನ ಮೇಲೆ ಕುಳಿತಿದ್ದೆ, ಅಂಗಾಲಲ್ಲಿ ಮುಳ್ಳು ಇನ್ನೂ ಹಾಗೇ ಇತ್ತು. ನನ್ನ ಕೈ ಹಿಡಿದು, "ಬಾಗಲಾ ಬಿಟ್ಟು ಬಂದ್ನೆಲೇ ಮಾಲ್ತೇಶ, ತಪ್ಪ ತಿಳಕೋಬ್ಯಾಡ" ಅಂದೆ. ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ! ದೂರು ಹಿಂದಕ್ಕೆ ತೆಗೆದುಕೊಳ್ಳಲು ಆಗ ಇನ್ನೂ ಒಂದು ದಿನ ಸಮಯವಿತ್ತು. ಮೊಬೈಲು ನನ್ನ ಜೇಬಿನಲ್ಲೇ ಇತ್ತು. ಗುಂಡಿನ ದೂರು ನೋಡದವರು ಇದನ್ನೆಲ್ಲಿ ನೋಡುತ್ತಾರೆ ಅಂದುಕೊಂಡು ಸುಮ್ಮನಾದೆ.

ನೋಡಿದರು. ಒಂದು ವರ್ಷದಲ್ಲಿ ಅವರು ಲಗುಬಗೆಯಿಂದ ಮಾಡಿದ್ದು ಅದೊಂದೇ ಕೆಲಸ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಮೋಸಗಾರರ ಪಟ್ಟಿಯಲ್ಲಿ ನಿನ್ನ ಹೆಸರು ಹಾಕಿ ಅಕೌಂಟು ಮುಚ್ಚಿದರು. ಹುಬ್ಬಳ್ಳಿಯವರು ಪಟ್ಟಿ ನೋಡಿ ಬರಬೇಡ ಅಂದರು. ಊರಿನಲ್ಲಿ ಕೆಲವರು ನಿನ್ನನ್ನು ಕಂಡಾಗ, "ಎಷ್ಟಕ್ಕ ಮಾರಿದೆಪಾ?" ಎಂದು ಕೇಳಿ ನಕ್ಕರು. ನೀನು ನನಗೆ ಹೇಳಿದ್ದು, "ಆಟನ ಹಾಳ ಐತಿ, ಅದರ ಮ್ಯಾಲೆ ಏನ ಸಿಟ್ಟು?" ಅಂತ. ನಾನು ಹೌದೌದು ಅಂದೆ. ಆವತ್ತಿನಿಂದ ಆ ಆಟವನ್ನು ನನ್ನಷ್ಟು ಬೈದವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಬೈದಷ್ಟೂ ನಾನು ಅದರ ಹಿಂದೆ ಅಡಗಿಕೊಳ್ಳಬಹುದಾಗಿತ್ತು.

ಆಮೇಲೆ ಪ್ರತಿ ಶುಕ್ರವಾರ ನಿಮ್ಮ ಮನೆಗೆ ಖಾರ ತರಲು ಶುರು ಮಾಡಿದೆ. ಚಾಚಾ ಅರ್ಧ ಕಿಲೋ ಹೇಳಿದರೆ ಅರ್ಧ ಕಿಲೋ ತೂಗಿ, ಮೇಲೆ ಎರಡು ಹಿಡಿ ಕೊಸರು ಹಾಕುತ್ತಿದ್ದೆ. ಶೇಂಗಾ ಜಾಸ್ತಿ, ಚಾಚಾನಿಗೆ ಬೇಕೆಂದು ಬೆಳ್ಳುಳ್ಳಿ ಜಾಸ್ತಿ. ನಮ್ಮಪ್ಪ ಫಕ್ಕೀರಪ್ಪ ಗಲ್ಲೆಯ ಮೇಲೆ ಕುಳಿತು ಹೇಳುವ ಮಾತು ನೀನೂ ಕೇಳಿದ್ದೀಯ: "ತೂಕ ಬರೋಬ್ಬರಿ ಇದ್ದಾಗ ಹಾಕಿದ್ದು ಕೊಸರು. ತೂಕ ಕಡಿಮಿ ಕೊಟ್ಟು ಮ್ಯಾಲೆ ಹಾಕಿದ್ದು ಲಂಚ." ನನಗೆ ಅದು ತಲೆಗೇ ಹೋಗಲಿಲ್ಲ. ಹೋದ ಶುಕ್ರವಾರ ಚಾಚಾ ಪೊಟ್ಟಣ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ, ನಕ್ಕೊಂತ ಕೇಳಿದರು: "ಏನಪಾ, ವಾರಾವಾರ ಇಷ್ಟ ಕೊಸರು? ಹಿಂದ ಯಾವಾಗರ ತೂಕದಾಗ ಹೊಡದಿದ್ದೇನು ನಮಗ?" ಅವರು ಚೇಷ್ಟೆ ಮಾಡಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಗಾಡಿ ಹತ್ತಿ ಬಂದುಬಿಟ್ಟೆ, ಸುಹಾನಾ ಮಾಡಿದ ಚಹಾ ಕೂಡ ಕುಡಿಯಲಿಲ್ಲ.

ಈಗ ಕಂಪನಿಯವರ ಪುಕ್ಕಟೆ ಕೊಡುಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ನೀನು ಓದಿಲ್ಲ. ಮೊದಲ ವರ್ಷ ಮುಚ್ಚಿದ ಅಕೌಂಟುಗಳನ್ನು ತೆರೆಯುತ್ತಾರಂತೆ, ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ. ಆದರೆ ದೂರು ಕೊಟ್ಟವನು ತಾನೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅದೂ ಈ ತಿಂಗಳ ಕೊನೆಯೊಳಗೆ. ತೆಗೆದುಕೊಂಡರೆ ಮರುದಿನ ಅವನ ಹೆಸರು ಸಮೇತ ನಿನಗೆ ಮೇಲ್ ಬರುತ್ತದೆ. ನಾನು ಸುಮ್ಮನಿದ್ದರೆ ದಿನ ಕಳೆದುಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ನೀನು ನನ್ನ ಬಾಜೂಕ ಕುಳಿತು ಹೊಸ ರಣರಂಗ ನೋಡುತ್ತೀ, ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಡುತ್ತೀ. ಆ ಸಾಲು ಓದಿ ಒಂಬತ್ತು ದಿನ ಸುಮ್ಮನಿದ್ದೆ. ಸುಮ್ಮನಿದ್ದುಬಿಡೋಣ ಅಂತಲೇ ಇದ್ದೆ, ಇದನ್ನು ಮುಚ್ಚಿಡುವುದಿಲ್ಲ. ಶನಿವಾರ ನೀನು ಆ ಮಾತು ಹೇಳದಿದ್ದರೆ ಹಾಗೇ ಇರುತ್ತಿದ್ದೆನೋ ಏನೋ.

ಕಂಪನಿಯ ಮೇಲ್‌ನಿಂದ ನಿನಗೆ ತಿಳಿಯುವುದು ಬೇಡ, ನನ್ನ ಕೈಬರಹದಲ್ಲೇ ತಿಳಿಯಲಿ ಎಂದು ಇದನ್ನು ಬರೆದೆ. ಸಂಜೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ, ಬೇರೆ ಏನೂ ತರುವುದಿಲ್ಲ. ನೀನು ಓದಿದ ಮೇಲೆ ಗುಂಪಿನಲ್ಲಿ, ಇರ್ಫಾನ ಆಟ ಮಾರಿರಲಿಲ್ಲ, ಆ ಸುಳ್ಳು ನನ್ನದು ಎಂದು ಬರೆಯುತ್ತೇನೆ. ಹುಬ್ಬಳ್ಳಿಯವರಿಗೂ ಬರೆಯುತ್ತೇನೆ. ಅವರು ಮತ್ತೆ ಕರೆಯುತ್ತಾರೆ ಅನ್ನುವ ಭರವಸೆ ನನಗಿಲ್ಲ. ಹೋದ ವರ್ಷ ಹೋಯಿತು. ನಿನಗೆ ಹೊಡೆಯಬೇಕು ಅನ್ನಿಸಿದರೆ ಬಾ, ಹೊಡಿ. ಮಾತು ಬಿಡಬೇಕು ಅನ್ನಿಸಿದರೆ ಬಿಡು. ನಿನಗೆ ಕ್ಷಮಿಸು ಅಂತ ಹೇಳಲು ನನಗೆ ನಾಲಿಗೆ ಏಳುತ್ತಿಲ್ಲ, ಆದರೂ ಕ್ಷಮಿಸು. ನಿನ್ನಂಥ ದೋಸ್ತ ನನಗೆ ಇನ್ನೊಬ್ಬನಿಲ್ಲ, ಇದು ಸುಳ್ಳಲ್ಲ.

ಈ ಸಾಲು ಬರೆಯುವ ಮುಂಚೆ ದೂರು ಹಿಂದಕ್ಕೆ ತೆಗೆದುಕೊಂಡೆ. ದೂರು ಸುಳ್ಳಾಗಿತ್ತೇ ಎಂದು ಮೊಬೈಲು ಕೇಳಿತು, ಹೌದು ಎಂದು ಒತ್ತಿದೆ. ತೆರೆಯ ತುಂಬ ಪಟಾಕಿ ಹಾರಿತು, ಇರ್ಫಾನ. ಸತ್ಯ ಹೇಳಿದ್ದಕ್ಕೆ ನನಗೊಂದು ಬಂಗಾರದ ಬಂದೂಕು ಪುಕ್ಕಟೆಯಂತೆ. ನನ್ನ ಹೆಸರಿನ ಮುಂದೆ ‘ಪ್ರಾಮಾಣಿಕ ಆಟಗಾರ’ ಅಂತ ಒಂದು ಬಿಲ್ಲೆಯನ್ನೂ ಅಂಟಿಸಿದ್ದಾರೆ. ಬೇಡ ಅನ್ನಲು ಎಲ್ಲಿ ಒತ್ತಬೇಕು ಅಂತ ಅರ್ಧ ತಾಸು ಹುಡುಕಿದೆ, ಎಲ್ಲೂ ಇಲ್ಲ. ನೀನು ಆಟ ತೆರೆದ ದಿನ ಆ ಬಿಲ್ಲೆ ಎಲ್ಲರಿಗಿಂತ ಮೊದಲು ನಿನ್ನ ಕಣ್ಣಿಗೇ ಬೀಳುತ್ತದೆ. ನಂಬಬೇಡ.

ಚಾಚಾ ಬೇಗ ಕೋಲು ಬಿಟ್ಟು ನಡೆಯಲಿ, ನಿನ್ನ ಗುರಿ ಎಂದೂ ತಪ್ಪದಿರಲಿ ಎಂದು ಬೇಡಿಕೊಳ್ಳುವ,

ನಿನ್ನ ಮೇಲೆ ಸುಳ್ಳು ಬರೆದವನು,
ಮಾಲತೇಶ