ಚಿಕ್ಕಪ್ಪನ ಮಗಳು

ಎಲ್ಕ್ ಬೆಂಡ್, ಅಯೋವಾ
14 ಮೇ 2009

ಪ್ರೀತಿಯ ಕಾರಿನ್‌ಗೆ,

ನಿನ್ನ ಅಕ್ಕ ಲವೋನ್‌ಗೂ ನನಗೂ ನಿನ್ನೆ ಮದುವೆಯ ಪರವಾನಗಿ ಸಿಗಲಿಲ್ಲ. ಸಾಕ್ಷಿಯಾಗಿ ಬಂದಿದ್ದ ಪಕ್ಕದ ಮನೆಯ ಡಾರ್ಲಿಸ್ ನಿನಗೆ ಫೋನಿನಲ್ಲಿ ಹೇಳಿದ್ದೆಲ್ಲ ನಿಜ.

ಹೆಂಗಸರಿಬ್ಬರು ಮದುವೆಯಾಗಬಹುದೆಂದು ನಮ್ಮ ರಾಜ್ಯದ ಕೋರ್ಟು ಹೇಳಿದ್ದು ಕಳೆದ ತಿಂಗಳು. ಮದುವೆಯಾಗಿದ್ದರೆ ಅವಳನ್ನು ಈ ಮನೆಯಲ್ಲೇ ಉಳಿಸಿಕೊಳ್ಳುವ ಹಕ್ಕು ನನಗಿರುತ್ತಿತ್ತು. ನೀನು ಅವಳನ್ನು ಒಮಾಹಾದ ಆರೈಕೆ ಮನೆಗೆ ಸೇರಿಸುವ ಅಗತ್ಯವೂ ಬರುತ್ತಿರಲಿಲ್ಲ. ಮರೆವು ಹೆಚ್ಚಾಗಿದೆ, ಒಪ್ಪುತ್ತೇನೆ. ಆದರೆ ನಿನ್ನೆ ಬೆಳಿಗ್ಗೆ ತಾನೇ ನೀಲಿ ಕೋಟು ಆರಿಸಿದಳು. "ಆರ್ಡಿತ್, ಈ ವಯಸ್ಸಲ್ಲಿ ಮದುಮಗಳು ಬೇರೆ! ನೋಡಿದೋರು ನಗ್ತಾರೆ ಕಣೇ" ಎಂದು ನಕ್ಕಳು.

ಜಿಲ್ಲಾ ಕಚೇರಿಯಲ್ಲಿ ಪರವಾನಗಿ ಕೊಡುವ ಕೌಂಟರಿನ ಹುಡುಗಿ ಹಿಂದೆ ಲವೋನ್ ಹತ್ತಿರ ಪಿಯಾನೋ ಕಲಿತವಳು. "ಟೀಚರ್, ಇವರು ನಿಮಗೆ ಏನಾಗ್ಬೇಕು?" ಎಂದು ಕೇಳಿದಳು.

"ಚಿಕ್ಕಪ್ಪನ ಮಗಳು" ಎಂದಳು ಲವೋನ್.

"ಅಯ್ಯೋ ಟೀಚರ್, ಊರಿಗೆಲ್ಲ ಗೊತ್ತಿರೋದೇ. ಹೆದರ್ಬೇಡಿ, ಹೇಳಿ."

"ಏನ್ ಗೊತ್ತು? ಒಂದೇ ಮನೇಲಿದ್ರೆ ಬಾಡಿಗೆ ಉಳಿಯುತ್ತೆ, ಅಷ್ಟೇ. ನೀನು ಸ್ವರ ಸರಿಯಾಗಿ ನುಡಿಸೋದು ಕಲಿ."

ಹುಡುಗಿ ನಗಲು ಹೋಗಿ ಕಣ್ಣೊರೆಸಿಕೊಂಡಳು. ಚಿಕ್ಕಪ್ಪನ ಮಕ್ಕಳ ಮದುವೆಗೆ ಕಾನೂನು ಒಪ್ಪಲ್ಲ, ಹಾಗಲ್ಲ ಅಂತ ಅವರ ಬಾಯಲ್ಲೇ ಬರಬೇಕು, ನಾನೇನೂ ಮಾಡೋಕಾಗಲ್ಲ ಎಂದಳು.

ಯಾರು ಕೇಳಿದರೂ ಹಾಗೆನ್ನಿ, ಊರ ಬಾಯಿ ಮುಚ್ಚುತ್ತೆ ಎಂದು ಕಲಿಸಿಕೊಟ್ಟವರು ನಿಮ್ಮ ಅಮ್ಮ. ನಾವು ಒಂದೇ ಮನೆಗೆ ಬಂದ ಹೊಸದು, ವಿಷಯ ತಿಳಿದರೆ ನನ್ನ ಶಾಲೆಯ ಕೆಲಸ ಹೋಗುತ್ತಿತ್ತು. ಚರ್ಚಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಹಾಗೇ ಅಂದೆವು. ಬೇರೆಲ್ಲ ಮರೆತಳು, ಅದೊಂದು ಉಳಿಯಿತು ಎಂದು ಡಾರ್ಲಿಸ್ ಅಂದಳು. ನಾನು ಹೂಂ ಅಂದೆ.

ಇನ್ನು ತಗಾದೆ ಮಾಡುವುದಿಲ್ಲ. ಅಲ್ಲಿ ಅವಳ ಕಾಫಿಗೆ ಕೆನೆ ಇರಲಿ. ಕಿಟಕಿಯ ಪರದೆ ಎಳೆಯದೆ ಅವಳು ಯಾರ ಪಕ್ಕದಲ್ಲೂ ಕೂರುವುದಿಲ್ಲ, ಅಲ್ಲಿಯವರಿಗೆ ತಿಳಿಸು. ದಿನವೂ ನೋಡಲು ಬಂಧುಗಳನ್ನು ಮಾತ್ರ ಬಿಡುತ್ತಾರಂತೆ. ನನ್ನನ್ನು ಚಿಕ್ಕಪ್ಪನ ಮಗಳೆಂದು ಬರೆಸು.

ನಿನ್ನ,
ಆರ್ಡಿತ್

ಮತ್ತೆ: ಡಾರ್ಲಿಸ್ ತನ್ನ ಕಾರಿನಲ್ಲಿ ಹೋದಳು, ಆದ್ದರಿಂದ ಇದು ಅವಳಿಗೆ ಗೊತ್ತಿಲ್ಲ. ವಾಪಸು ಬರುವಾಗ ನಮ್ಮ ಕಾರು ಕಚೇರಿಯ ಊರು ದಾಟಿದ ಮೇಲೆ ಲವೋನ್ ನನ್ನ ಕೈ ಹಿಡಿದುಕೊಂಡಳು. "ಎಷ್ಟು ಕೆದಕಿದ್ರೂ ನಾನು ಬಾಯಿ ಬಿಡ್ಲಿಲ್ಲ ಕಣೇ. ನಿನ್ನ ಕೆಲಸಕ್ಕೇನೂ ಆಗಲ್ಲ, ಅಳಬೇಡ" ಎಂದಳು. ಒಮಾಹಾದ ವ್ಯಾನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತದೆ.