ಗಂಟಲಲ್ಲೇ ಉಳಿದ ಹೆಸರು

ಮೋಟಾ ಲಾವಾ ದ್ವೀಪ
ಆಗಸ್ಟ್ ೧೨, ಸೋಮವಾರ

ನನ್ನ ಮುದ್ದು ಎಲ್ಮಿನಾಳಿಗೆ,

ಮೂರು ವರ್ಷದ ಮೇಲೆ, ಹೋದ ವಾರ ನಿನ್ನ ಕಾಗದ ಬಂತು. ಮಗುವನ್ನು ನನಗೆ ತೋರಿಸುವ ಆಸೆ ಇದೆ, ಆದರೆ ನಿನ್ನ ಯಜಮಾನರನ್ನು ಮತ್ತೆ ಈ ಸಮುದ್ರದ ಹತ್ತಿರ ಕರೆತರಲು ಧೈರ್ಯವಿಲ್ಲ ಎಂದು ಬರೆದಿದ್ದೀಯ. ಓದಿ ದೀವಿಹಲಸಿನ ಮರದಡಿ ಕೂತೆ. ಗಾಳಿ ನಿಂತಿತ್ತು. ಬಿಸಿಲ ಬೆಳಕಿನಲ್ಲಿ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯದ ಹಾಗಿತ್ತು. ಆ ಬೆಳಕಿನೊಳಗಿಂದ ನೀವು ಮೂವರೂ ಮೆಲ್ಲಗೆ ನಡೆದು ಬರುತ್ತಿದ್ದೀರಿ ಅನ್ನಿಸಿತು.

ಬಾ ಮಗಳೇ. ಆದರೆ ತಯಾರಾಗಿ ಬಾ. ತೇಲುವ ಅಂಗಿಗಳನ್ನು ಪಟ್ಟಣದಲ್ಲೇ ಕೊಂಡುಕೋ, ಮಗುವಿನ ಅಳತೆಯದು ಇಲ್ಲಿ ಸಿಗುವುದಿಲ್ಲ. ಸೋಲಾ ಬಂದರಿನಿಂದ ಬೆಳಗಿನ ದೋಣಿಯನ್ನೇ ಹತ್ತು. ನಿನ್ನ ಸೋದರಮಾವ ಎಲ್ದಾದ್ ಇನ್ನೊಬ್ಬರಿಗೆ ಜಾಗವಿದೆ ಎನ್ನುತ್ತಾ ತನ್ನ ದೋಣಿಗೆ ಜನರನ್ನು ತುಂಬಿಸುತ್ತಲೇ ಇದ್ದರೆ ಮುಲಾಜಿಲ್ಲದೆ ಇಳಿದುಬಿಡು. ಸೊಳ್ಳೆಪರದೆ, ಮಲೇರಿಯಾ ಮಾತ್ರೆ ಮರೆಯಬೇಡ. ಹವಳದ ಬಂಡೆ ತರಚಿದರೆ ಆಗಲೇ ತೊಳೆ. ಅಮ್ಮನ ಪುರಾಣ ಶುರುವಾಯಿತು ಎಂದು ನಗಬೇಡ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡೆ. ಮೂರು ವರ್ಷದ ಹಿಂದೆ ನಿನ್ನವರು ಮುಳುಗಲಿದ್ದರಲ್ಲ, ಅವತ್ತಿನದನ್ನು ಹೇಳದಿದ್ದರೆ ನೀನು ಬಂದರೂ ನಿನ್ನ ಮುಖ ನೋಡಲಾರೆ.

ನಿನ್ನವರು ಈಜುಕೊಳದಲ್ಲಿ ಈಜು ಕಲಿತ ಪರದೇಶದವರು. ಇಳಿತದ ಹೊತ್ತಿನಲ್ಲಿ ಹವಳದ ದಿಬ್ಬದ ಬಾಯಿಯಿಂದ ನೀರು ಹೊರಕ್ಕೆ ಎಳೆಯುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ದಾದ್ ಮೀನು ಹಿಡಿದು ಅದೇ ದಾರಿಯಲ್ಲಿ ಬಂದದ್ದು ನಮ್ಮ ಪುಣ್ಯ. ಅವರನ್ನು ನೀರಿನಿಂದ ಎತ್ತಿ ದಡಕ್ಕೆ ಹಾಕಿದಾಗ ನೀನು, "ಎಲ್ಲಿದ್ದೆ ಅಮ್ಮ? ಒಂದ್ಸಲ ಕೂಗಿದ್ರೆ ಸಾಕಿತ್ತಲ್ಲ" ಎಂದು ಅತ್ತೆ. ಅಡುಗೆಮನೆಯಲ್ಲಿದ್ದೆ, ಕಾಣಲಿಲ್ಲ ಎಂದೆ ನಾನು.

ಸುಳ್ಳು. ನಾನು ದಡದಲ್ಲೇ ಇದ್ದೆ. ಅವರು ಆ ಕಡೆ ಹೋಗುವುದನ್ನು ಕಣ್ಣಾರೆ ನೋಡಿದೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಹೆಸರು ಹಿಡಿಯಬಾರದು, ಎದುರು ನಿಂತು ಮಾತಾಡಬಾರದು. ನಿನಗೆ ಗೊತ್ತೇ ಇದೆ. ಬಾಯಿ ತೆರೆದೆ, ಹೆಸರು ಗಂಟಲಲ್ಲೇ ಕೂತುಬಿಟ್ಟಿತು. ಬರೀ ಹೋಯ್ ಎನ್ನಲೂ ನಾಲಿಗೆ ಏಳಲಿಲ್ಲ. ಎಲ್ದಾದನ ದೋಣಿ ಅವರ ಹತ್ತಿರ ಹೋದದ್ದು ಕಂಡಮೇಲೆ ಒಳಗೆ ಓಡಿ ಒಲೆ ಊದುತ್ತಾ ಕೂತೆ. ನನ್ನ ಮರ್ಯಾದೆಗಿಂತ ಅವರ ಜೀವ ದೊಡ್ಡದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲವಲ್ಲ ಎಲ್ಮಿನಾ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಬಾ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಇನ್ನೊಂದು ಮಾತು: ನಿನ್ನ ಕಾಗದ ಬಂದಾಗಿನಿಂದ ದಿನಾ ಬೆಳಗ್ಗೆ ದಡಕ್ಕೆ ಹೋಗಿ ಅವರ ಹೆಸರು ಕೂಗುವುದನ್ನು ಕಲಿಯುತ್ತಿದ್ದೇನೆ. ಮೊದಲ ದಿನ ಬರೀ ಉಸಿರು ಬಂತು. ನಿನ್ನೆ ಪಕ್ಕದ ಮನೆಯ ರೋವಿನಾ ಅಜ್ಜಿ ಕೇಳಿಸಿಕೊಂಡು, "ಅಳಿಯನ್ನ ಹೆಸರು ಹಿಡಿದು ಕರೀತೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?" ಎಂದು ಉಗಿದರು. ಆಗುತ್ತದೆ ಎಂದೆ. ನಾಚಿಕೊಂಡೇ ಇನ್ನೊಮ್ಮೆ ಕೂಗಿದೆ. ಅವರಿಗೆ ಹೇಳು, ನೀರಿನಲ್ಲಿರುವಾಗ ದಡದಿಂದ ಹೆಂಗಸೊಬ್ಬಳು ಡಂಕನ್, ಡಂಕನ್ ಎಂದು ಕಿರುಚಿದರೆ ಹಿಂದೆಮುಂದೆ ನೋಡದೆ ತಿರುಗಿ ಬಂದುಬಿಡಬೇಕು. ಅದು ನಾನು.